ಎಣ್ಣೆಯ ಸೀಮೆ, ನೀರಿನ ಸೀಮೆ

ಎಣ್ಣೆಯೆಂಬ ಶಬ್ದದ ಉದರದಲ್ಲಿಯೇ ಎಳ್ಳು ಅಡಗಿದೆ. ಎಳ್ಳಿನ ನೆಯ್ಯೇ ನಮ್ಮ ಪೂರ್ವಿಕರಿಗೆ ಎಣ್ಣೆಯಾಯಿತು. ಅದನ್ನು ಹಿಂಡುತ್ತಿದ್ದ ತೆಲ್ಲಿಗರು ‘ಐವತ್ತೊಕ್ಕಲು’ ಎಂಬ ಸಂಘದ ಹೆಸರಿನಿಂದ ಕನ್ನಡ ಶಾಸನಗಳಲ್ಲಿ ಕಾಣಿಸಿಕೊಂಡು, ದೇವರ ನಂದಾದೀವಿಗೆಗೆ ಗಾಣಕ್ಕಿಷ್ಟೆಂದು ಎಣ್ಣೆ ಬಿಟ್ಟುದುಂಟು. ಕೃಷ್ಣೆ ತುಂಗಭದ್ರೆಗಳ ನಡುವಣ ದೋಆಬಿಗಾಗಿ ಅರಸರು ಶತಮಾನಗಳ ಕಾಲ ಕಾದಾಡಿದುದನ್ನು ಚರಿತ್ರೆಯು ಸವಿಸ್ತಾರವಾಗಿ ಹೇಳಿದೆ. ಆ ನೆಲದ ದೀಪಕ್ಕೂ ಒಗ್ಗರಣೆಗೂ ಎಣ್ಣೆ ಎಲ್ಲಿಂದ ಬಂದಿತೆಂಬುದನ್ನು ಹೇಳಿದವರು ವಿರಳ.

ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೊತ್ತ ಶಾಸನವು 1915ರಲ್ಲಿ ಬೆಳಕಿಗೆ ಬಂದ, ಆ ದೋಆಬಿನದೇ ಆದ ಮಸ್ಕಿಯಿಂದ ಎರಡು ಹಾದಿಗಳು ಹೊರಡುತ್ತವೆ: ಆಗ್ನೇಯಕ್ಕೆ ಹೋದರೆ ಸಿಂಧನೂರು, ವಾಯವ್ಯಕ್ಕೆ ಹೋದರೆ ಲಿಂಗಸುಗೂರು. ಇಂದು ಒಂದು ಭತ್ತದ ಸೀಮೆ, ಮತ್ತೊಂದು ಬಹುಮಟ್ಟಿಗೆ ಮಳೆಯನ್ನು ನೆಚ್ಚಿದ ಸೀಮೆ. ನಿಜಾಮರ ಆಳ್ವಿಕೆಯಲ್ಲಿ, 1905ರವರೆಗೆ ಲಿಂಗಸುಗೂರೇ ಒಂದು ಜಿಲ್ಲೆಯಾಗಿದ್ದ ಕಾಲದಲ್ಲಿ, ಈ ಭೇದವಿರಲಿಲ್ಲ. ಎರಡು ಕಡೆಯ ಒಕ್ಕಲಿಗನೂ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನೂ, ಅದರ ಸಾಲುಗಳ ನಡುವೆ ಮತ್ತು ಅಂಚಿನಲ್ಲಿ ಕುಸುಬಿಯನ್ನೂ ಬಿತ್ತುತ್ತಿದ್ದನು. ಮಸಾರಿಯಲ್ಲಿ ಎಳ್ಳು, ಗುರೆಳ್ಳು, ಔಡಲಗಳಿಗೆ ಕಾಲಕ್ರಮದಲ್ಲಿ ಶೇಂಗಾ ಬಂದು ಸೇರಿತು.

ಕುಸುಬಿಯು ಬಡವನ ಬೇಲಿಯೂ ಆಗಿದ್ದಿತು. ಅದರ ಮುಳ್ಳಿಗೆ ಅಂಜಿ ದನಗಳು ಜೋಳಕ್ಕೆ ಬಾಯಿ ಹಾಕಲಾರವು. ಅದರ ತಾಯಿಬೇರೋ ಆಳಾಳಕ್ಕಿಳಿದು, ಮೇಲ್ಮಣ್ಣು ಬಿರುಕು ಬಿಟ್ಟ ಮೇಲೆಯೂ ತೇವವನ್ನು ಹುಡುಕಿ ತರುವುದು. ಕೊಯ್ಲಿಗೆ ಬಿಸಿಲೇರುವ ಮುನ್ನವೇ ಹೋಗಬೇಕು; ಇಬ್ಬನಿಗೆ ಮುಳ್ಳು ಮೆದುವಾಗಿರುವ ಆ ಒಂದೆರಡು ತಾಸಿನಲ್ಲಿ, ಕೈಕಾಲುಗಳಿಗೆ ಅರಿವೆ ಸುತ್ತಿಕೊಂಡು, ಗಿಡವನ್ನು ಕಿತ್ತು ಗುಂಪೆ ಹಾಕಿದರೆ ಆಯಿತು, ಹೊತ್ತೇರಿದ ಬಳಿಕ ಆ ಹೊಲದಲ್ಲಿ ಕಾಲಿಡುವಂತಿಲ್ಲ. ಬಂದ ಕಾಳಿನಲ್ಲಿ ಮನೆಗೆ ಬೇಕಾದುದು ಊರ ಗಾಣಿಗೇರನ ಗಾಣಕ್ಕೆ ಹೋಗಿ, ಎಣ್ಣೆಯು ಅಡುಗೆಮನೆಗೂ ಹಿಂಡಿಯು ಎತ್ತಿನ ಗೋದಲಿಗೂ ಸಲ್ಲುತ್ತಿದ್ದಿತು. ಮಿಕ್ಕ ಕಾಳು, 1871ರಲ್ಲಿ ಮುಂಬಯಿ ಮದರಾಸುಗಳ ಉಗಿಬಂಡಿಯ ಹಳಿಗಳು ಕೂಡಿಕೊಂಡ ರಾಯಚೂರಿನ ಪೇಟೆಗೆ ಬಂಡಿಗಳಲ್ಲಿ ಸಾಗುತ್ತಿದ್ದಿತು.

ಎರಡು ಸೀಮೆಗಳ ಈ ಸಮತೆಯನ್ನು ಮುರಿದುದು ನೆಲವಲ್ಲ, ನೀರು. 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಕಂಡ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯು ಸಿಂಧನೂರಿನ ಎರೆಯನ್ನು ತೋಯಿಸಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ಯೋಜನೆಯ ಕರ್ತೃಗಳು ಬರದಿಂದ ಪಾರುಮಾಡುವ ಉದ್ದೇಶದಿಂದ ನೀರನ್ನು ತೆಳ್ಳಗೆ ಹಂಚಲೆಳಸಿ, ಭತ್ತ ಕಬ್ಬುಗಳಿಗೆ ಅಲ್ಪ ಭಾಗವನ್ನು ಮಾತ್ರ ಗೊತ್ತುಮಾಡಿ, ಬಹುಪಾಲನ್ನು ಜೋಳ, ಹತ್ತಿ, ಶೇಂಗಾಗಳಂತಹ ಮಿತನೀರಿನ ಬೆಳೆಗಳಿಗೆ ಮೀಸಲಿಟ್ಟಿದ್ದರು. ಕಾಗದದ ಮೇಲೆ ಕಾಲುವೆಯು ಎಣ್ಣೆಕಾಳಿನ ಮಿತ್ರನೇ ಆಗಿದ್ದಿತು. ಆದರೆ ಆಂಧ್ರದ ಕರಾವಳಿಯಿಂದ ಬಂದು, ಅಗ್ಗದ ಬೆಲೆಗೆ ಭೂಮಿಯನ್ನು ಕೊಂಡು, ಕ್ಯಾಂಪುಗಳನ್ನು ಕಟ್ಟಿ ನೆಲೆಸಿದ ಒಕ್ಕಲಿಗರು ಭತ್ತದ ಲಾಭವನ್ನು ತೋರಿಸಿದರು; ಸ್ಥಳೀಕರು ಅನುಸರಿಸಿದರು. ಕೆಸರುಗದ್ದೆಯಲ್ಲಿ ಕುಸುಬಿಗೆ ತಾವಿಲ್ಲ. ಕಾಲುವೆಯ ಮೇಲ್ಭಾಗವು ಎರಡು ಬೆಳೆ ಭತ್ತವನ್ನುಂಡಿತು, ಕೊನೆಯ ಭಾಗವು ನೀರಿನ ದಾರಿ ಕಾಯುತ್ತ ಕುಳಿತಿತು.

ಲಿಂಗಸುಗೂರಿನ ಕಡೆ ಎಣ್ಣೆಕಾಳು ಉಳಿಯಿತು. ಆದರೆ ಸುಖವಾಗಿ ಉಳಿಯಿತೆನ್ನಲಾಗದು. 1972ರ ಸುಮಾರಿಗೆ ಕರ್ನಾಟಕದ ಹೊಲಗಳಿಗೆ ಬಂದ ರಷ್ಯಾದ ಸೂರ್ಯಕಾಂತಿಯು ಕುಸುಬಿಯ ಸ್ಥಾನವನ್ನು ಆಕ್ರಮಿಸಿತು. 1986ರ ಎಣ್ಣೆಕಾಳು ಅಭಿಯಾನವು ಅದಕ್ಕೆ ಇಂಬುಕೊಟ್ಟಿತು. 1994ರಲ್ಲಿ ಆಮದಿನ ಬಾಗಿಲು ತೆರೆದು ಪಾಮೋಲಿನ್ ಅಗ್ಗವಾಯಿತು; 1997ರಲ್ಲಿ ಬಾಗೇಪಲ್ಲಿಯಲ್ಲಿ ಮೊದಲು ಕಂಡ ನಂಜುರೋಗವು ಸೂರ್ಯಕಾಂತಿಯನ್ನೂ ಬಾಡಿಸಿತು. ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆಯು ಮುಟ್ಟಿದಲ್ಲಿ ಲಿಂಗಸುಗೂರು ಸೀಮೆಯ ಬೆಳೆಯೂ ಬದಲಾಯಿತು. ಆದುದರಿಂದ ಒಣನೆಲದವನು ಎಣ್ಣೆಕಾಳನ್ನು ಪ್ರೀತಿಯಿಂದ ಉಳಿಸಿಕೊಂಡನೆಂದು ಹೊಗಳುವುದು ಸಲ್ಲದು, ನೀರಿಲ್ಲದುದರಿಂದ ಉಳಿಸಿಕೊಂಡನು. ಮಸ್ಕಿ ಸೀಮೆಯ ಪಾಮನಕಲ್ಲೂರಿನಲ್ಲಿ ರೈತರು ತಮ್ಮ ಹೊಲಗಳಿಗೆ ನೀರು ತರುವ ‘5ಎ’ ಎಂಬ ಕಾಲುವೆಗಾಗಿ ದೀರ್ಘಕಾಲ ಧರಣಿ ಕುಳಿತುದೂ ಇದನ್ನೇ ಸಾರುತ್ತದೆ.

ಆದರೂ ಎಳ್ಳಮಾಸಿಯ ದಿನ ಎರಡು ಸೀಮೆಯವರೂ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತಾರೆ. ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಪುಂಡಿಪಲ್ಲೆಗಳೊಡನೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿಯು ಗಂಟಿನಿಂದ ಹೊರಬರುತ್ತದೆ. ಸಿಂಧನೂರಿನ ಗದ್ದೆಯ ಬದುವಿನ ಮೇಲೆ ಕುಳಿತು ಉಣ್ಣುವಾಗಲೂ ಊಟ ಅದೇ. ಎಳ್ಳು ಮಾತ್ರ ಸಂತೆಯಿಂದ ಕೊಂಡು ತಂದುದು.