ಭಾಷೆಗಳ ಬೆಟ್ಟ ಮತ್ತು ಮೂರು ಲಿಪಿಗಳು

ಕಾಸ್ಪಿಯನ್ ಸಮುದ್ರದ ಪಶ್ಚಿಮ ದಂಡೆಯಲ್ಲಿರುವ ದಾಗೆಸ್ತಾನ್ ಇಂದು ರಷ್ಯಾ ಒಕ್ಕೂಟದ ಒಂದು ಗಣರಾಜ್ಯ. ಜನಸಂಖ್ಯೆ ಸುಮಾರು 30 ಲಕ್ಷ. ಬಹುಪಾಲು ಜನ ಸುನ್ನಿ ಮುಸ್ಲಿಮರು. ಧರ್ಮ ಒಂದೇ ಆದರೂ ಅವರಾಡುವ ಭಾಷೆಗಳು ಮೂವತ್ತಕ್ಕೂ ಹೆಚ್ಚು: ಅವಾರ್, ದಾರ್ಗಿನ್, ಲೆಜ್ಗಿ, ಲಾಕ್, ತಬಸರನ್, ತುರ್ಕಿಕ್ ಕುಲದ ಕುಮಿಕ್... ಅರಬ್ ಭೂಗೋಳಕಾರರು ಕಾಕಸಸ್ ಸೀಮೆಯನ್ನು 'ಭಾಷೆಗಳ ಬೆಟ್ಟ' ಎಂದು ಕರೆದದ್ದು ಸುಮ್ಮನೆ ಅಲ್ಲ.

ಬೆಟ್ಟಗಳು ಜನರನ್ನು ಬೇರೆಬೇರೆಯಾಗಿಸಿದ್ದರಿಂದ ಇಷ್ಟು ಭಾಷೆಗಳು ಉಳಿದವು ಎನ್ನುವುದು ವಾಡಿಕೆಯ ವಿವರಣೆ. ಇದು ಅರ್ಧ ಸತ್ಯ. ಆರ್ಚಿ ಭಾಷೆಯನ್ನೇ ನೋಡಿ. ಅದನ್ನಾಡುವವರು ಸಾವಿರದಷ್ಟು ಜನ. ಎಲ್ಲರೂ ಒಂದೇ ಊರಿನ ಸುತ್ತಿನವರು. ಆದರೆ ಅವರು ಲೋಕದಿಂದ ದೂರವಿದ್ದವರಲ್ಲ. ನೆರೆಯ ಲಾಕ್, ಅವಾರ್ ಜನರೊಡನೆ ವ್ಯವಹರಿಸಲು ಆ ಭಾಷೆಗಳನ್ನೂ ಕಲಿತಿದ್ದರು. ಸಂತೆಗೆ ನೆರೆಯವರ ಮಾತು, ಮನೆಗೆ ತಮ್ಮ ಮಾತು. ಮದುವೆ ಸಂಬಂಧಗಳು ಹೆಚ್ಚಾಗಿ ಊರೊಳಗೇ ನಡೆಯುತ್ತಿದ್ದುದರಿಂದ ಮನೆಮಾತು ಕದಲಲಿಲ್ಲ.

ಬರಹದ ಕತೆ ಬೇರೆ. ವಿದ್ವಾಂಸರನ್ನೆಲ್ಲ ಬೆಸೆದದ್ದು ಅರಬ್ಬಿ. 19ನೇ ಶತಮಾನದಲ್ಲಿ ರಷ್ಯಾದ ವಿರುದ್ಧ ಹೋರಾಡಿದ ಇಮಾಮ್ ಶಮೀಲ್ ಹುಟ್ಟಿನಿಂದ ಅವಾರ್. ಅವನ ಪತ್ರವ್ಯವಹಾರ ಅರಬ್ಬಿಯಲ್ಲಿ. ಸ್ಥಳೀಯ ಭಾಷೆಗಳನ್ನೂ 'ಅಜಮ್' ಎಂಬ ಹೆಸರಿನಲ್ಲಿ ಅರಬ್ಬಿ ಅಕ್ಷರಗಳಲ್ಲೇ ಬರೆಯುತ್ತಿದ್ದರು.

ಸೋವಿಯತ್ ಆಡಳಿತ 1928ರಲ್ಲಿ ಲ್ಯಾಟಿನ್ ಲಿಪಿ ತಂದಿತು. ಹತ್ತೇ ವರ್ಷಕ್ಕೆ, 1938ರಲ್ಲಿ, ಸಿರಿಲಿಕ್ ಬಂತು. ಈ ಬದಲಾವಣೆಯನ್ನು ಬರಿಯ ದಬ್ಬಾಳಿಕೆ ಎಂದು ತಳ್ಳಿಹಾಕುವಂತಿಲ್ಲ: ಇದೇ ಕಾಲದಲ್ಲಿ ಶಾಲೆ, ಪತ್ರಿಕೆ, ಪಠ್ಯಪುಸ್ತಕಗಳು ಹಲವು ಸ್ಥಳೀಯ ಭಾಷೆಗಳಿಗೆ ದಕ್ಕಿದವು. ಆದರೆ ಅಜ್ಜ ಬರೆದಿಟ್ಟದ್ದನ್ನು ಮೊಮ್ಮಗ ಓದಲಾರದಾದ. ಭಾಷೆ ಅದೇ, ಅಕ್ಷರ ಅಪರಿಚಿತ. ಆರ್ಚಿಯಂಥ ಸಣ್ಣ ಭಾಷೆಗಳಿಗಂತೂ ಆ ಭಾಗ್ಯವೂ ಇರಲಿಲ್ಲ. 1926ರ ಜನಗಣತಿಯಲ್ಲಿ ಪ್ರತ್ಯೇಕವಾಗಿ ಎಣಿಕೆಯಾಗಿದ್ದ ಆರ್ಚಿ ಜನ ಮುಂದಿನ ಗಣತಿಗಳಲ್ಲಿ 'ಅವಾರ್' ಎಂಬ ಹೆಸರಿನೊಳಗೆ ಕರಗಿಹೋದರು.

ಅವಾರ್ ಕವಿ ರಸೂಲ್ ಗಮ್ಜಾತೊವ್ (1923–2003) ಅವರ ಕೊಕ್ಕರೆಗಳ ಕವಿತೆ ನೌಮ್ ಗ್ರೆಬ್ನೆವ್ ಅವರ ರಷ್ಯನ್ ಅನುವಾದದ ಮೂಲಕ ಹಾಡಾಗಿ ಸೋವಿಯತ್ ನಾಡಿನಾದ್ಯಂತ ಹಬ್ಬಿತು. ಅದನ್ನು ಗುನುಗಿದವರಲ್ಲಿ ಮೂಲದ ಅವಾರ್ ಬಲ್ಲವರು ಕೆಲವರೇ. ಸಣ್ಣ ಭಾಷೆಯ ಕವಿಗೆ ದೊಡ್ಡ ಭಾಷೆ ಬಾಗಿಲೂ ಹೌದು, ಪರದೆಯೂ ಹೌದು.

ಇಂದು ಮಖಚ್‌ಕಲಾ ನಗರದಲ್ಲಿ ಬೇರೆಬೇರೆ ಮನೆಮಾತಿನವರು ಕೂಡಿದರೆ ಆಡುವುದು ರಷ್ಯನ್. 2018ರ ಕಾನೂನು ಶಾಲೆಗಳಲ್ಲಿ ತಾಯ್ನುಡಿಯ ಕಲಿಕೆಯನ್ನು ಐಚ್ಛಿಕವಾಗಿಸಿತು. ಹಿಂದೆ ಬೆಟ್ಟದವರು ನೆರೆಯವರ ಭಾಷೆ ಕಲಿತಾಗ ತಮ್ಮದನ್ನು ಬಿಟ್ಟುಕೊಡಬೇಕಿರಲಿಲ್ಲ. ಈಗ ನಗರಕ್ಕೆ ಇಳಿದ ಕುಟುಂಬದ ಮಕ್ಕಳಿಗೆ ಒಂದೇ ಭಾಷೆ ಸಾಕೆನಿಸುತ್ತಿದೆ. ಭಾಷೆಗಳ ಬೆಟ್ಟವನ್ನು ಇಷ್ಟು ಕಾಲ ಕಾಯ್ದದ್ದು ಕಣಿವೆಗಳಷ್ಟೇ ಅಲ್ಲ, ಎರಡು ಮೂರು ಭಾಷೆಗಳಲ್ಲಿ ಬದುಕುವ ಆ ಹಳೆಯ ರೂಢಿ. ಸವೆಯುತ್ತಿರುವುದೂ ಅದೇ.