ಡ್ರೈಯರ್ ಗುಂಡಿಯೊಳಗಿನ ಗಡಿಯಾರ

ನಮ್ಮ ತುಮಕೂರಿಗೆ ಗಡಿಯಾರ ಹೊಸದಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ವಾಚು ಮಾಡೋಕೆ ಶುರುಮಾಡಿದ ಎಚ್‌ಎಂಟಿ, 1978ರ ಹೊತ್ತಿಗೆ ನಮ್ಮೂರಲ್ಲೂ ಕಾರ್ಖಾನೆ ಕಟ್ತು. ಗುಬ್ಬಿ, ಕುಣಿಗಲ್ ಕಡೆ ಮದುವೇಲಿ ಅಳಿಯಂಗೆ ಆ ವಾಚೇ ಆಗ್ಬೇಕಿತ್ತು. ದಿನಾ ಕೀಲಿ ಕೊಡೋದು, ಕಿವಿಗಿಟ್ಟು ಟಿಕ್‌ಟಿಕ್ ಕೇಳೋದು. 2016ರಲ್ಲಿ ಸರ್ಕಾರ ವಾಚ್ ಕಂಪನಿ ಮುಚ್ಚೋ ತೀರ್ಮಾನ ಮಾಡ್ತು. ಬಹುಪಾಲು ಜಾಗ ಇಸ್ರೋಗೆ ಹೋಯ್ತು.

ಕಾರ್ಖಾನೆ ಹೋದ್ರೂ ಆ ವಿದ್ಯೆ ನಮ್ಮ ಬಚ್ಚಲುಮನೇಲಿ ಉಳಿದೈತೆ ಕಣ್ರಮ್ಮ. ಎರಡು ತೊಟ್ಟಿ ವಾಷಿಂಗ್ ಮಿಷಿನ್ನಿನ ಡ್ರೈಯರ್ ಟೈಮರ್ ಒಳಗೂ ಸ್ಪ್ರಿಂಗು, ಹಲ್ಲುಚಕ್ರ. ಗುಂಡಿ ತಿರುಗಿಸೋದು ಕೀಲಿ ಕೊಟ್ಟಂಗೆ. ಸ್ಪ್ರಿಂಗು ಬಿಚ್ಚಿಕೊಳ್ತಾ ಸೊನ್ನೆಗೆ ಬಂದಾಗ ಕರೆಂಟು ಕಡಿಯುತ್ತೆ.

ಅದಕ್ಕೇ ಮೊದ್ಲು ಕಿವಿಗೊಡಿ. ಟಿಕ್‌ಟಿಕ್ ಅಂದ್ರೂ ತೊಟ್ಟಿ ತಿರುಗ್ದಿದ್ರೆ ಮುಚ್ಚಳ ಸರಿಯಾಗಿ ಕೂತೈತಾ ನೋಡಿ. ಅದರ ಸ್ವಿಚ್ಚು ಒತ್ತದಿದ್ರೆ ಕರೆಂಟು ಹರಿಯಲ್ಲ. ಸದ್ದೇ ಇಲ್ದೆ ಗುಂಡಿ ಇಟ್ಟಲ್ಲೇ ನಿಂತ್ರೆ ಟೈಮರ್ರೇ ಕೆಟ್ಟಿರುತ್ತೆ. ಬಲವಂತವಾಗಿ ಹಿಂದಕ್ಕೆ ತಿರುಗಿಸ್ಬ್ಯಾಡಿ, ಹಲ್ಲು ಮುರಿಯುತ್ತೆ. ಸೊನ್ನೆಗೆ ಬಂದ್ರೂ ತೊಟ್ಟಿ ನಿಲ್ಲದಿದ್ರೆ ಪ್ಲಗ್ ಕಿತ್ತು ರಿಪೇರಿಯವರನ್ನ ಕರೀರಿ. ನೀವೇ ಬಿಚ್ಬ್ಯಾಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಹೊಡೀಬಹುದು. ಟೈಮರ್ ಒಂದನ್ನೇ ಬದಲಾಯಿಸಬಹುದು. ಅಷ್ಟಕ್ಕೇ ಮಿಷಿನ್ನನ್ನ ಗುಜರಿಗೆ ಹಾಕ್ಬ್ಯಾಡಿ.