ಮಲೆನಾಡಿನ ಕಾಫಿಯೂ ಕಳ್ಳ ವ್ಯಾಪಾರವೂ

ಅರಬ್ಬೀ ದೇಶದ ಮೋಖಾ ರೇವಿನಿಂದ ಬಾಬಾ ಬುಡನರು ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿಯು ನಮ್ಮ ಜಿಲ್ಲೆಯಲ್ಲಿ ಮನೆಮಾತಾಗಿದೆ. ಮೊಳೆಯುವ ಬೀಜವನ್ನು ಹೊರಗೆ ಬಿಡಬಾರದೆಂಬುದು ಆ ನಾಡಿನ ಕಟ್ಟಳೆಯಾಗಿತ್ತಂತೆ. ಹದಿನೇಳನೆಯ ಶತಮಾನದ್ದೆನ್ನುವ ಈ ಕಥೆಯು ನಿಜವಾದರೆ, ಕಟ್ಟಳೆಯನ್ನು ಮೀರಿದ ಆ ಕಾರ್ಯದಿಂದ ಒಂದು ನಾಡೇ ಬದುಕಿತೆನ್ನಬೇಕು. ಮುಂದೆ ಇದೇ ಬೆಳೆಯಲ್ಲಿ ನಡೆದ ಗುಪ್ತ ವ್ಯಾಪಾರದ ಲಾಭವು ಯಾರಿಗೆ ಸೇರಿತೆಂಬುದನ್ನಾದರೋ ವಾಚಕರು ವಿಚಾರಿಸಿ ನೋಡತಕ್ಕದ್ದು.

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆಗಳು ಮುಚ್ಚಿಹೋಗಲು, ಬೆಳೆಗಾರರು ಕಂಗೆಟ್ಟರು. ಆಗ 1940ರಲ್ಲಿ ಒಂದು ಸುಗ್ರೀವಾಜ್ಞೆಯೂ 1942ರಲ್ಲಿ ಕಾಫಿ ಕಾಯಿದೆಯೂ ಹೊರಟುವು. ಅಂದಿನಿಂದ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ನೋಂದಾಯಿತ ಬೆಳೆಗಾರನು ಮನೆಯ ಬಳಕೆಗೂ ಬಿತ್ತನೆಗೂ ಬೇಕಾದಷ್ಟನ್ನುಳಿದು ತನ್ನ ಕಾಫಿಯನ್ನು ಬೋರ್ಡಿನ ಪೂಲಿಗೆ ಒಪ್ಪಿಸುವ ಪದ್ಧತಿಯು ನೆಲೆಗೊಂಡಿತು. ಬೋರ್ಡು ಅದನ್ನು ಹರಾಜಿನಲ್ಲಿ ಮಾರಿ, ಬಂದ ಹಣವನ್ನು ಕಂತುಕಂತಾಗಿ ಹಂಚುತ್ತಿತ್ತು. ಬೆಲೆ ಬಿದ್ದ ಕಾಲದಲ್ಲಿ ಈ ಪದ್ಧತಿಯು ಬೆಳೆಗಾರನನ್ನು ಕಾಪಾಡಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಡೆಯ ಕಂತಿಗಾಗಿ ಬಹುಕಾಲ ಕಾಯಬೇಕಾಗಿತ್ತು. ಆಳುಗಳ ಬಟವಾಡೆಯು ಕಾಯುವಂತಹುದಲ್ಲ.

ಈ ಎರಡರ ನಡುವಣ ತೆರಪಿನಲ್ಲಿ ಕಳ್ಳ ವ್ಯಾಪಾರವು ಬೇರೂರಿತು. ಕೈಮೇಲೆ ರೊಕ್ಕವೆಣಿಸುವವನಿಗೆ ಮೂಟೆಗಳು ಗುಟ್ಟಾಗಿ ಸಾಗಿದುವು. ಇಕ್ಕಟ್ಟಿನಲ್ಲಿ ಸಿಕ್ಕ ಬೆಳೆಗಾರನು ಮಾರಿದ ಕಾಫಿಗೂ, ಒಣಗುವ ಕಣದಿಂದ ಕದ್ದ ಕಾಫಿಗೂ ಒಂದೇ ದಾರಿಯು ಸಾಕು. ಬೆರೆತ ಬೀಜದಲ್ಲಿ ಒಡೆಯನ ಗುರುತೆಲ್ಲಿ ಉಳಿದೀತು? ಮಾರಿದವನು ದೂರು ಕೊಡಲಾರನಾದುದರಿಂದ, ತೂಕದಲ್ಲಿಯೂ ಬೆಲೆಯಲ್ಲಿಯೂ ಕೊಂಡವನ ಮಾತೇ ಮಾತು.

ಇದು ನಮ್ಮ ಬೆಟ್ಟಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದವು ರಫ್ತಿಗೆ ಮಿತಿಗಳನ್ನು ಗೊತ್ತುಪಡಿಸಿತು. ಒಪ್ಪಂದಕ್ಕೆ ಸೇರದ ದೇಶಗಳಿಗೆ ಅಗ್ಗವಾಗಿ ಹೋದ ಕಾಫಿಯು ಹೆಸರು ಬದಲಿಸಿಕೊಂಡು ಸದಸ್ಯ ರಾಷ್ಟ್ರಗಳನ್ನು ಹೊಕ್ಕಿತು. ಅದನ್ನು ವರ್ತಕರು 'ಪ್ರವಾಸಿ ಕಾಫಿ' ಎಂದು ಕರೆದರು. ಎರಡು ಬೆಲೆಗಳಿರುವಲ್ಲಿ ನಡುವೆ ನಿಲ್ಲುವವನು ಹುಟ್ಟಿಯೇ ಹುಟ್ಟುವನು.

1989ರಲ್ಲಿ ಆ ಮಿತಿಗಳು ಮುರಿದುಬಿದ್ದುವು. ನಮ್ಮಲ್ಲಿಯೂ ಪೂಲ್ ಪದ್ಧತಿಯು 1992ರಿಂದ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರನು ತನ್ನ ಕಾಫಿಯನ್ನು ಬೇಕಾದವರಿಗೆ ಮಾರುವ ಪೂರ್ಣ ಸ್ವಾತಂತ್ರ್ಯವನ್ನು ಪಡೆದನು. ನಿನ್ನೆಯವರೆಗೆ ಅಪರಾಧವಾಗಿದ್ದುದು ಅಂದಿನಿಂದ ಸಹಜ ವ್ಯಾಪಾರವಾಯಿತು. ಕಣದ ಕಳವು ಮಾತ್ರ ನಿಲ್ಲಲಿಲ್ಲ. ಬೆಲೆಯು ಹಿಂದೆಂದೂ ಕಾಣದಷ್ಟು ಏರಿದ 2024-25ರ ಸುಗ್ಗಿಯಲ್ಲಿ ಮೂಟೆಗಳಿಗೆ ರಾತ್ರಿಯೆಲ್ಲ ಕಾವಲಿರಬೇಕಾಯಿತು.

ಕಳವಾದೊಡನೆ ನಮ್ಮ ಸಂಶಯವು ಮೊದಲು ಲೈನಿನ ಆಳುಮಕ್ಕಳ ಮೇಲೆ ಬೀಳುವುದು. ಇದು ನ್ಯಾಯವೆ? ಹೊತ್ತುಕೊಂಡು ಹೋದವನು ಕಾಫಿಯನ್ನು ತಿನ್ನಲಾರನು; ಎಲ್ಲಿಂದ ಬಂತೆಂದು ಕೇಳದೆ ತಕ್ಕಡಿಗೇರಿಸುವ ಅಂಗಡಿಯೊಂದು ಇದ್ದೇ ಇರಬೇಕು. ಕಾಯಿದೆಯು ಬೆಳೆಗಾರನ ಉಗ್ರಾಣವನ್ನು ಐದು ದಶಕಗಳ ಕಾಲ ಲೆಕ್ಕವಿಟ್ಟಿತು. ಕೊಳ್ಳುವವನ ತಕ್ಕಡಿಗೂ ಅಷ್ಟೇ ಎಚ್ಚರದ ಲೆಕ್ಕವಿದ್ದಲ್ಲಿ, ಬಡವನ ಗುಡಿಸಲನ್ನು ಶೋಧಿಸುವ ಪ್ರಸಂಗಗಳು ಎಷ್ಟೋ ತಪ್ಪುವುವು.